ಸ್ಮಶಾನದ ನಲ್ಲಿ ನೀರು, ಹಾರನಹಳ್ಳಿ ದಾರಿಯ ಚೊಂಬು ನೀರು

ಫ್ರಾನ್ಸಲ್ಲಿ ಹಳ್ಳಿ ಕಡೆ ಸೈಕಲ್ ತುಳ್ಕೊಂಡು ಹೋಗೋರು ಮೊದ್ಲು ಕಲಿಯೋದೇನಪ್ಪಾ ಅಂದ್ರೆ, ಬಾಟ್ಲಲ್ಲಿ ನೀರು ಖಾಲಿ ಆಯ್ತಾ, ಸ್ಮಶಾನ ಹುಡುಕು. ತಮಾಷೆ ಅಲ್ಲ ಇದು. ಎಷ್ಟೇ ಸಣ್ಣ ಊರಾದ್ರೂ ಚರ್ಚ್ ಪಕ್ಕದಲ್ಲೋ ಊರಾಚೆಗೋ ಕಾಂಪೌಂಡ್ ಕಟ್ಟಿದ ಸ್ಮಶಾನ ಇರುತ್ತೆ, ಸಮಾಧಿ ಮೇಲಿನ ಹೂವಿನ ಕುಂಡಕ್ಕೆ ನೀರ್ ಹಾಕೋಕೆ ಅಂತ ಗೇಟ್ ಹತ್ರ ಒಂದು ನಲ್ಲಿ ಇಟ್ಟಿರ್ತಾರೆ. 'ಕುಡಿಯೋ ನೀರಲ್ಲ' ಅಂತ ಬೋರ್ಡ್ ಇಲ್ಲ ಅಂದ್ರೆ ಹಿಡ್ಕೊಂಡು ಕುಡಿಯೋದು, ಅಷ್ಟೆ. ನಾನೂ ಹಂಗೇ ಹಿಡ್ಕೊಂಡು, ಅಲ್ಲೇ ಗೋಡೆ ನೆರಳಲ್ಲಿ ಕೂತು ಚಕ್ಲಿ ತಿಂದೆ, ತಿಂದಿದ್ದಲ್ದೆ ಬುದ್ಧಿ ಇಲ್ದೆ ಅಮ್ಮಂಗೆ ಫೋನಲ್ಲಿ ಹೇಳ್ಬಿಟ್ಟೆ. "ಥೂ, ಸ್ಮಶಾನದ್ ನೀರೇನೋ? ನಾನ್ ಮಾಡಿ ಕಳಿಸಿದ್ ಚಕ್ಲಿ ಅಲ್ಲಿ ಕೂತ್ಕೊಂಡ್ ತಿಂದ್ಯಾ? ಮನೇಗ್ ಹೋದ್ಮೇಲೆ ತಲೆಗ್ ನೀರಾದ್ರೂ ಹಾಕ್ಕೊಂಡ್ಯೋ ಇಲ್ವೋ?" ಹಾಕ್ಕೊಂಡೆ ಅಂದೆ. ಸುಳ್ಳು.

ನಾನು ಅರಸೀಕೆರೆಯವನು, ಒಂಬತ್ತು ವರ್ಷದಿಂದ ಲಿಯೋಂನಲ್ಲಿದೀನಿ. ನಮ್ಮೋರು ಇಲ್ಲಿಗೆ ಬಂದ್ರೆ ಐಫೆಲ್ ಟವರ್ ಮುಂದೆ ಒಂದು ಫೋಟೋ, ಅಲ್ಲಿಂದ ಸೀದಾ ಸ್ವಿಸ್ಸು, ಮಧ್ಯದ ಫ್ರಾನ್ಸ್ ಅನ್ನೋದು ರೈಲು ಕಿಟಕೀಲಿ ಹಸಿರು ಹಸಿರಾಗಿ ಓಡೋಗೋ ಒಂದು ಪಟ್ಟಿ. ಆ ಪಟ್ಟಿ ಒಳಗೆ ಬರ್ಗಂಡಿ ಅನ್ನೋ ಪ್ರಾಂತ್ಯದ ದಕ್ಷಿಣ ಭಾಗ ಇದೆ, ಲಿಯೋಂನಿಂದ ಮಾಕೋಂಗೆ ರೈಲಲ್ಲಿ ಸುಮಾರು ಒಂದು ಗಂಟೆ, ಸೈಕಲ್ನೂ ಅದೇ ಬೋಗಿಗೆ ಹತ್ತಿಸ್ಕೊಂಡು ಹೋಗ್ಬೋದು, ಅದಕ್ಕೆ ಬೇರೆ ಟಿಕೆಟ್ ಇರ್ಲಿಲ್ಲ. ಮಾಕೋಂ, ಕ್ಲೂನಿ, ಕೊರ್ಮಾತಾಂ, ಶಪೇಝ್, ಬ್ರಾಂಸ್ಯೋಂ, ಆಮೇಲೆ ತುರ್ನ್ಯೂನಲ್ಲಿ ವಾಪಸ್ ರೈಲು. ಎರಡು ದಿನ, 60 ಚಿಲ್ರೆ ಕಿಲೋಮೀಟರ್. ಸೈಕಲ್ ಹುಚ್ಚಿರೋರು ಒಂದೇ ಬೆಳಿಗ್ಗೇಲಿ ಮುಗಿಸ್ತಾರೆ, ನಾನು ಆ ಜಾತಿ ಅಲ್ಲ, ಹೊಟ್ಟೆ ಬಂದಿದೆ ಅಂತ ಸೈಕಲ್ ತಗೊಂಡೋನು.

ಕ್ಲೂನಿ ಕಡೆ ಹೋಗೋ ದಾರಿ ಮೊದ್ಲು ರೈಲ್ವೆ ಲೈನಾಗಿತ್ತಂತೆ. ರೈಲು ನಿಂತ್ಮೇಲೆ ಹಳಿ ಕಿತ್ತು ಟಾರ್ ಹಾಕಿ ಸೈಕಲ್ಲೋರಿಗೆ, ನಡ್ಯೋರಿಗೆ ಬಿಟ್ಟಿದಾರೆ. ಇದಕ್ಕೆ 'ವ್ವಾ ವೆರ್ತ್' ಅಂತಾರೆ, ಹಸಿರು ದಾರಿ ಅಂತ. ಜಿವ್ರಿ ಅನ್ನೋ ಊರಿಂದ ಕ್ಲೂನಿವರೆಗಿನ ಭಾಗ 1997ರಲ್ಲಿ ಆಗಿದ್ದು, ಇಡೀ ಫ್ರಾನ್ಸಲ್ಲೇ ಈ ಥರದ್ದು ಅದೇ ಮೊದ್ಲನೇದು. ಅರಸೀಕೆರೆಯಂಥ ರೈಲ್ವೆ ಜಂಕ್ಷನ್ನಲ್ಲಿ ಹುಟ್ಟಿ ಬೆಳೆದೋನಿಗೆ ಈ ಐಡಿಯಾ ಎಷ್ಟು ಚೆನ್ನಾಗಿದೆ ಅಂತ ಬೇರೆ ಯಾರೂ ಹೇಳ್ಬೇಕಾಗಿಲ್ಲ, ಯಾಕಂದ್ರೆ ರೈಲಿಗೆ ಕಡಿದಾದ ಏರು ಆಗಲ್ಲ, ಹಂಗಾಗಿ ಗುಡ್ಡ ಬಂದ್ರೆ ಸುತ್ತಾಕೊಂಡೋ ಕೊರ್ಕೊಂಡೋ ಲೈನ್ ಹಾಕಿರ್ತಾರೆ, ಸುತ್ತ ಎಲ್ಲಾ ಅಪ್ಪು ಡೌನು ಇದ್ರೂ ನಮ್ಮ ಮಂಡಿಗೆ ಗೊತ್ತೇ ಆಗಲ್ಲ. ಮಧ್ಯೆ ಬುವಾ ಕ್ಲೇರ್ ಅಂತ ಒಂದು ಸುರಂಗ, 1.6 ಕಿಲೋಮೀಟರ್ ಉದ್ದ. ಬಿಸಿಲಲ್ಲಿ ಬೆವೆತ್ಕೊಂಡು ಒಳಗೆ ಹೋದ್ರೆ ನೆಲಮಾಳಿಗೆಗೆ ಇಳಿದಂಗೆ ತಣ್ಣಗೆ, ಎದುರಿಗೆ ಬರೋ ಸೈಕಲ್ ಚೈನಿನ ಸದ್ದು ಆಳು ಕಾಣೋ ಮುಂಚೆನೇ ಕೇಳುತ್ತೆ. ಚಳಿಗಾಲದಲ್ಲಿ ಇದನ್ನ ಮುಚ್ಬಿಡ್ತಾರೆ. ರಿಪೇರಿಗಲ್ಲ, ಬಾವಲಿಗಳು ಮಲಗಿರ್ತವೆ ಅಂತ. ಆವಾಗ ಹೋಗೋರು ಗುಡ್ಡ ಹತ್ತಿ ಇಳೀಬೇಕು.

ಕ್ಲೂನಿಲಿ ರಾತ್ರಿ ಟೆಂಟ್ ಹಾಕಿದೆ. ಇಲ್ಲಿ 910ರಲ್ಲಿ ಶುರುವಾದ ಮಠ ಇದೆ, ಅದರ ಮೂರನೇ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1088ರಲ್ಲಿ, ರೋಮಿನ ಸೇಂಟ್ ಪೀಟರ್ಸ್ ಹೊಸದಾಗಿ ಕಟ್ಟೋವರೆಗೂ ಕ್ರೈಸ್ತ ಜಗತ್ತಲ್ಲಿ ಇದಕ್ಕಿಂತ ದೊಡ್ಡ ಚರ್ಚೇ ಇರ್ಲಿಲ್ಲ. ಈಗ ಹೋಗಿ ನೋಡಿದ್ರೆ ಒಂದು ಪಕ್ಕದ ತೋಳು, ಗೋಪುರ, ಇನ್ನೊಂದಿಷ್ಟು ಚೂರುಪಾರು. ಬಾಕಿ ಎಲ್ಲಿ ಅಂದ್ರೆ, ಕ್ರಾಂತಿ ಆದ್ಮೇಲೆ 1798ರಲ್ಲಿ ಮಾರಾಟ ಮಾಡಿ, ಕಲ್ಲು ಕಲ್ಲಾಗಿ ಕಿತ್ತು, ಊರೋರೇ ಕ್ವಾರಿ ಥರ ಬಳಸ್ಕೊಂಡ್ರು. ನೆಪೋಲಿಯನ್ ಕಾಲದಲ್ಲಿ ಪಕ್ಕದಲ್ಲೇ ಕಟ್ಟಿಸಿದ ಕುದುರೆ ಲಾಯಕ್ಕೂ ಅದೇ ಕಲ್ಲು ಹೋಗಿದೆ. ಇದನ್ನ ಯಾಕೆ ಇಷ್ಟು ಎಳೀತಿದೀನಿ ಅಂದ್ರೆ, ನಮ್ಮ ಹೊರನಾಡು ಕನ್ನಡಿಗರ ಯಾವ ಊಟಕ್ಕೆ ಹೋಗಿ, ಹೋಳಿಗೆ ಬರೋ ಹೊತ್ತಿಗೆ ಒಬ್ರಾದ್ರೂ "ಇವರಿಗೆ ಹಿಸ್ಟರಿ ಬಗ್ಗೆ ಎಷ್ಟು ಗೌರವ ನೋಡಿ, ನಮ್ಮೋರು ವೀರಗಲ್ಲಲ್ಲಿ ಬಟ್ಟೆ ಒಗೀತಾರೆ" ಅಂತಾರೆ. ಒಗೀತಾರೆ, ನಿಜ, ನಾನೇ ನೋಡಿದೀನಿ. ಆದ್ರೆ ಇವರು ಒಂದು ಬೇಲೂರಿನಷ್ಟು ಕಲ್ಲು ಕಿತ್ತು ಕುದುರೆ ಕಟ್ಟಾಕಿದ ಜನ ಸ್ವಾಮಿ. ಗೌರವ ಆಮೇಲೆ ಬಂತು.

ಮಾರನೇ ದಿನ ಕೊರ್ಮಾತಾಂ ಹತ್ರ ಹಳೇ ರೈಲು ದಾರಿ ಬಿಟ್ಟು ಹೊರಗೆ ಬಂದೆ. ಇಲ್ಲಿಂದ ನಿಜವಾದ ದಿಣ್ಣೆಗಳು ಶುರು. ಬೇಲಿ ಒಳಗೆ ಬೆಳ್ಳಗಿರೋ ಶಾರೊಲೆ ಹಸುಗಳು ಮೆಲುಕು ಹಾಕ್ತಾ ಕೂತಿರ್ತವೆ, ದೂರದಲ್ಲಿ ದ್ರಾಕ್ಷಿ ತೋಟ, ನಾಲ್ಕೈದು ಕಿಲೋಮೀಟರಿಗೊಂದು ಹಳೇ ಕಲ್ಲಿನ ಚರ್ಚು. ಶಪೇಝ್ ಅಂತ ಒಂದು ಊರು, ಕೈಬೆರಳಲ್ಲಿ ಎಣಿಸೋಷ್ಟು ಬೀದಿ, ಅದಕ್ಕೆ 11ನೇ ಶತಮಾನದ ಚರ್ಚು, 35 ಮೀಟರ್ ಎತ್ತರದ ಗಂಟೆ ಗೋಪುರ. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡದು ಯಾರು ಕಟ್ಟಿದ್ರಪ್ಪಾ ಅಂತ ಬೇರೆಯವರಿಗೆ ಅನ್ಸುತ್ತೇನೋ, ಹಾಸನ ಜಿಲ್ಲೆಯವನಿಗೆ ಅನ್ಸಲ್ಲ. ಹಾರನಹಳ್ಳಿ, ಜಾವಗಲ್, ದೊಡ್ಡಗದ್ದವಳ್ಳಿ ಎಲ್ಲ ಇದೇ ತಾನೆ, ಪುಟ್ಟ ಊರು, ಹೊಯ್ಸಳರ ದೊಡ್ಡ ಗುಡಿ?

ಬ್ರಾಂಸ್ಯೋಂ ಇರೋದು ಗುಡ್ಡದ ನೆತ್ತಿ ಮೇಲೆ, ಕೋಟೆ, ಮರದ ಕಂಬದ ಹಳೇ ಸಂತೆ ಚಾವಡಿ, ತುದೀಲಿ ಒಂದು ಚರ್ಚು. ಅದಕ್ಕೆ ಹತ್ತೋ ದಾರೀಲಿ ನಡೆದಿದ್ದು ಹೇಳ್ತೀನಿ ಕೇಳಿ. ನಾನು ಲೋ ಗೇರಲ್ಲಿ ಏದುಸಿರು ಬಿಡ್ತಾ ಹತ್ತಾ ಇದೀನಿ, ಹಿಂದೆ ಒಂದು ಕಾರ್ ಬಂತು. ರಸ್ತೆ ಸಣ್ಣದು, ಮುಂದೆ ತಿರುವು. ಓವರ್‌ಟೇಕ್ ಮಾಡ್ಲಿಲ್ಲ. ಹಾರ್ನೂ ಹೊಡೀಲಿಲ್ಲ. ಸುಮ್ನೆ ನನ್ ಸ್ಪೀಡಲ್ಲೇ, ಅಂದ್ರೆ ಎಮ್ಮೆ ಸ್ಪೀಡಲ್ಲಿ, ಹಿಂದೆ ಬರ್ತಾನೇ ಇದೆ. ನನಗೆ ಏರಿಗಿಂತ ಆ ಕಾರಿನ ಮೌನ ಜಾಸ್ತಿ ಸುಸ್ತು ಮಾಡ್ತು ನೋಡಿ, ಯಾವಾಗ ಬೈತಾರೋ ಅಂತ ಬೆನ್ನೆಲ್ಲಾ ಕಿವಿ. ಕೊನೆಗೆ ತಡೀಲಾರ್ದೆ ಹುಲ್ಲಿಗೆ ಇಳಿದು ನಿಂತು ಸಾರಿ ಅನ್ನೋ ಥರ ಕೈ ಎತ್ತಿದೆ. ಕಾರಲ್ಲಿದ್ದ ಮುದುಕಪ್ಪ ಕಿಟಕಿ ಇಳಿಸಿ, ಯಾಕೆ ನಿಲ್ಲಿಸಿದ್ರಿ, ಏರಲ್ಲಿ ನಿಂತ್ರೆ ಮತ್ತೆ ಹತ್ತೋದು ಕಷ್ಟ ಅಲ್ವಾ ಅಂದ. ನನಗೆ ಅಳು ಬರೋದೊಂದು ಬಾಕಿ. ಕಾನೂನು ಇದೆ ಅನ್ನಿ, ಊರಾಚೆ ರಸ್ತೇಲಿ ಸೈಕಲ್ ದಾಟ್ಬೇಕಾದ್ರೆ ಒಂದೂವರೆ ಮೀಟರ್ ಜಾಗ ಬಿಡ್ಬೇಕು, ಊರೊಳಗೆ ಒಂದು ಮೀಟರ್, ಬಿಡ್ಲಿಲ್ಲ ಅಂದ್ರೆ 135 ಯೂರೋ ದಂಡ. ಆದ್ರೆ ಆ ಕಾಡು ದಾರೀಲಿ ಪೊಲೀಸ್ ಎಲ್ಲಿದಾನೆ?

ಸರಿ, ಹೊಗಳಿದ್ದು ಸಾಕು. ಈ ಚಂದದ ಊರುಗಳಲ್ಲಿ ಜನ ಎಲ್ಲಪ್ಪಾ? ಕಿಟಕೀಲಿ ಹೂವು ಇದೆ, ಬಾಗ್ಲಿಗೆ ಬಣ್ಣ ಇದೆ, ಬೀದೀಲಿ ಒಂದು ನರಪಿಳ್ಳೆ ಇಲ್ಲ. ನಾನ್ ಹೋಗಿದ್ದು ಪೆಂತೆಕೋಸ್ತ್ ಹಬ್ಬದ ಭಾನುವಾರ ಸೋಮವಾರ, ರಜ ಬೇರೆ, ಎರಡನೇ ದಿನ ಮೂರು ಊರು ದಾಟಿದ್ರೂ ಒಂದು ಬ್ರೆಡ್ ಅಂಗಡಿ ತೆಗೆದಿರ್ಲಿಲ್ಲ, ಅಮ್ಮನ ಚಕ್ಲಿ ಇಲ್ದಿದ್ರೆ ಅವತ್ತು ಉಪವಾಸ. ಮಾಮೂಲಿ ದಿನಾನೂ ಹನ್ನೆರಡರಿಂದ ಎರಡರವರೆಗೆ ಹಳ್ಳಿ ಅಂಗಡಿ ಮುಚ್ಚಿರುತ್ತೆ. ದಾರೀಲಿ ಎದುರಾದೋರೆಲ್ಲಾ ಬೊಂಜೂರ್ ಅಂತಾರೆ, ತಪ್ಪದೇ ಅಂತಾರೆ, ಅದರಾಚೆ ಒಂದು ಮಾತಿಲ್ಲ. ಮಾತಾಡೋಕೆ ಸಿಗೋದು ಊರ ನಡುವಿನ ಯುದ್ಧ ಸ್ಮಾರಕ ಮಾತ್ರ, 1914-1918ರಲ್ಲಿ ಸತ್ತೋರ ಹೆಸರು ಕೆತ್ತಿರೋದು. ಅಷ್ಟು ಚಿಕ್ಕ ಊರಿಂದ ಅಷ್ಟು ಹೆಸರು, ಒಂದೇ ಮನೆತನದ ಹೆಸರು ಎರಡು ಸಲ, ಮೂರು ಸಲ. ನಮ್ಮ ವೀರಗಲ್ಲಲ್ಲಿ ಸತ್ತೋನನ್ನ ಅಪ್ಸರೆಯರು ಕರ್ಕೊಂಡು ಹೋಗಿ ಶಿವನ ಮುಂದೆ ಕೂರಿಸ್ತಾರೆ. ಇಲ್ಲಿ ಬರೀ ಪಟ್ಟಿ.

ಇನ್ನು ನಮ್ಮೂರು. ಹೋದ ಡಿಸೆಂಬರಲ್ಲಿ ಊರಿಗೆ ಹೋದಾಗ ಮಾವನ ಮಗನ ಗೇರ್ ಸೈಕಲ್ ಈಸ್ಕೊಂಡು ಹಾರನಹಳ್ಳಿಗೆ ಹೊರಟೆ, ಹತ್ತು ಕಿಲೋಮೀಟರೂ ಇಲ್ಲ. ಮಾವಂಗೆ ಅವಮಾನ ಆಗೋಯ್ತು. "ಫಾರಿನ್ನಲ್ಲಿದ್ಕೊಂಡು ಸೈಕಲ್ಲೇನೋ? ಜನ ಏನಂದ್ಕೋತಾರೆ, ಕಾರ್ ತಗೊಂಡ್ ಹೋಗು." ಮೇನ್ ರೋಡಲ್ಲಿ ಮೊದಲ ಹತ್ತೇ ನಿಮಿಷಕ್ಕೆ ಒಂದು ಬಸ್ಸು ಕಿವಿ ತೂತಾಗೋ ಹಂಗೆ ಹಾರ್ನ್ ಹೊಡ್ಕೊಂಡು ನನ್ನ ಮಣ್ಣಿಗಿಳಿಸಿ ಹೋಯ್ತು, ಒಂದೂವರೆ ಮೀಟರ್ ಎಲ್ಲಿ ಬಂತು, ಒಂದೂವರೆ ಗೇಣೂ ಇರ್ಲಿಲ್ಲ. ಇದ್ಯಾಕೋ ಆಗಲ್ಲ ಅಂತ ಒಳದಾರಿ ಹಿಡಿದೆ. ಅಲ್ಲಿ ರಸ್ತೆ ತುಂಬಾ ಹುರುಳಿ ಹರಡಿದಾರೆ, ಹೋಗೋ ಬರೋ ಗಾಡಿ ಚಕ್ರದಲ್ಲೇ ಒಕ್ಕಣೆ ಆಗ್ಲಿ ಅಂತ. ಗೇರ್ ಇಲ್ಲದ ಅಟ್ಲಾಸ್ ಆಗಿದ್ರೆ ದಾಟ್ತಿತ್ತೇನೋ, ನನ್ ಸೈಕಲ್ಲಿನ ಹಿಂದಿನ ಗೇರಿಗೆ ಹುರುಳಿ ಬಳ್ಳಿ ಜಡೆ ಹೆಣೆದಂಗೆ ಸುತ್ಕೊಂಡು ಪೆಡಲ್ ಲಾಕ್.

ಬಗ್ಗಿ ಕೀಳ್ತಾ ಇದ್ರೆ ಪಕ್ಕದ ಮನೆಯಿಂದ ಒಬ್ರು ಅಜ್ಜಿ ಚೊಂಬಲ್ಲಿ ನೀರು, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು ಹಿಡ್ಕೊಂಡು ಬಂದ್ರು. ಕೇಳಿರ್ಲಿಲ್ಲ ನಾನು. "ಬಿಸ್ಲಲ್ ಬಂದಿದೀಯ, ಬರೀ ನೀರ್ ಕುಡೀಬ್ಯಾಡ ಮಗಾ." ಕುಡಿಯೋಷ್ಟರಲ್ಲಿ ಯಾರ ಮನೆಯವನು, ಅಪ್ಪ ಏನ್ ಮಾಡ್ತಿದ್ರು, ಮದ್ವೆ ಆಯ್ತಾ, ಮಕ್ಕಳೆಷ್ಟು, ಸಂಬಳ ಎಷ್ಟು, ಕೊನೆಗೆ ಬಂತು ನೋಡಿ, "ಕಾರಿಲ್ವಾ?" ಅವರ ಮಗ ಇಕ್ಕಳ ತಂದು ಬಳ್ಳಿ ಎಲ್ಲಾ ಕಿತ್ತು, ಇನ್ನೊಂದು ಫರ್ಲಾಂಗ್ ಸೈಕಲ್ ಹೊತ್ಕೊಂಡು ಹೋಗು, ಮುಂದೇನೂ ಹಾಕಿದೀವಿ ಅಂದ. ಹಾರನಹಳ್ಳಿಲಿ ಲಕ್ಷ್ಮೀನರಸಿಂಹ, ಸೋಮೇಶ್ವರ ಎರಡೂ ಗುಡಿ ಸುತ್ತಿದೆ, 13ನೇ ಶತಮಾನದ್ದು, ಆನೆ ಸಾಲು, ಕುದುರೆ ಸಾಲು ಮುಂಜಾನೆ ಬಿಸಿಲಿಗೆ ಈಗ ತಾನೇ ಕಡೆದಂಗೆ. ಅಲ್ಲಿದ್ದೋನು ನಾನೊಬ್ಬನೇ. ಶಪೇಝ್‌ಗೆ ಫ್ರಾನ್ಸಿನ ಎಲ್ಲೆಲ್ಲಿಂದಲೋ ಸೈಕಲ್ ಮೇಲೆ ಬರ್ತಾರೆ, ಹಾರನಹಳ್ಳಿಗೆ ಅರಸೀಕೆರೆಯೋರೇ ಹೋಗಲ್ಲ.

ಅದಕ್ಕೆ ನಾನು ಹೇಳೋದು, ದಯವಿಟ್ಟು ಯಾರೂ 'ಹೊಯ್ಸಳ ಸೈಕಲ್ ಪಥ' ಅಂತ ಪ್ರಾಜೆಕ್ಟ್ ಮಾಡ್ಬೇಡಿ. ಹಸಿರು ಪೇಂಟ್ ಬಳೀತಾರೆ, ಕಮಾನು ಕಟ್ತಾರೆ, ಆರು ತಿಂಗಳಿಗೆ ಅದರ ಮೇಲೆ ಕಾರ್ ಪಾರ್ಕ್ ಮಾಡಿರ್ತಾರೆ. ದಾರಿ ಈಗ್ಲೇ ಇದೆ. ಗ್ರಾಮ ಸಡಕ್ ಯೋಜನೇಲಿ ಹಳ್ಳಿಯಿಂದ ಹಳ್ಳಿಗೆ ಹಾಕಿರೋ ಸಣ್ಣ ಟಾರ್ ರಸ್ತೆಗಳು, ಎರಡೂ ಕಡೆ ತೆಂಗು, ರಾಗಿ ಹೊಲ, ಅದೇ ಅಪ್ಪು ಡೌನು, ಬಾಯಾರಿದ್ರೆ ಎಳನೀರು. ಬರ್ಗಂಡಿಗಿಂತ ಯಾವುದರಲ್ಲೂ ಕಮ್ಮಿ ಇಲ್ಲ. ಕಮ್ಮಿ ಇರೋದು ಸೈಕಲ್ಲಿಗೆ ಮರ್ಯಾದೆ. 2006-07ರಿಂದ ಎಂಟನೇ ಕ್ಲಾಸ್ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು, ಎಷ್ಟು ಹುಡುಗೀರು ಅದರಿಂದ ಹೈಸ್ಕೂಲ್ ಮುಗಿಸಿದ್ರು, ಆದ್ರೆ ಓದು ಮುಗಿದ ತಕ್ಷಣ ಆ ಸೈಕಲ್ ಕೊಟ್ಟಿಗೆ ಸೇರುತ್ತೆ, ಮನೇಗೆ ಬೈಕ್ ಬಂದ್ರೇನೇ ಮೇಲೆ ಬಂದಂಗೆ. ಬ್ರಾಂಸ್ಯೋಂ ಏರಲ್ಲಿ ಆ ಮುದುಕಪ್ಪಂಗೆ ನಾನು ಬಡವನ ಥರ ಕಾಣ್ಲಿಲ್ಲ, ಹತ್ತಾ ಇರೋನ ಥರ ಕಂಡೆ. ನಮ್ಮಲ್ಲಿ ಬಸ್ಸಿನೋನಿಗೆ ನಾನು ಅಡ್ಡ, ಅಜ್ಜಿಗೆ ಪಾಪ, ಮಾವಂಗೆ ಅವಮಾನ. ಹಾಗಂತ ಒಂದನ್ನ ಆರಿಸ್ಕೋ ಅಂದ್ರೆ ನನಗೆ ಇವತ್ತಿಗೂ ಆಗಲ್ಲ, ಫ್ರಾನ್ಸಲ್ಲಿ ಬೆನ್ನ ಹಿಂದಿನ ಭಯ ಇಲ್ದೆ ತುಳಿದ ಆ ಎರಡು ದಿನದಲ್ಲಿ ಒಬ್ರೂ ಯಾರ ಮನೆಯವನಪ್ಪಾ ನೀನು ಅಂತ ಕೇಳ್ಲಿಲ್ವಲ್ಲ ಅನ್ನೋದೂ ಹೊಟ್ಟೆ ಒಳಗೆ ಕೂತಿದೆ.

ಬರೋ ಡಿಸೆಂಬರಲ್ಲಿ ಅರಸೀಕೆರೆಯಿಂದ ಹಾರನಹಳ್ಳಿ, ಜಾವಗಲ್, ಹಳೇಬೀಡು ಅಂತ ಎರಡು ದಿನದ ಪ್ಲಾನ್ ಹಾಕಿದೀನಿ, ಮಾವನ ಮಗನೂ ಬರ್ತಾನಂತೆ. ಮೊನ್ನೆ ಫೋನಲ್ಲಿ ಮಾವಂಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಆಯ್ತು, ನೀವಿಬ್ರೂ ತುಳೀರಿ, ನಾನ್ ಹಿಂದೆ ಕಾರಲ್ಲಿ ನೀರು ಇಟ್ಕೊಂಡ್ ಬರ್ತೀನಿ, ಹಾರ್ನ್ ಹೊಡಿಯಲ್ಲ" ಅಂದ್ರು.