ಡಿಲನ್‌ಗೆ ನಿಮ್ಮ ವಯಸ್ಸಿದ್ದಾಗ

ಗೆಳೆಯನೊಬ್ಬ ಕೇಳಿದ, 'ಬಾಬ್ ಡಿಲನ್ ಕೇಳಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡ್ಲಿ?' ನನ್ನಂಥವರಿಗೆ ಇಂಥ ಪ್ರಶ್ನೆ ಅಂದರೆ ಹಬ್ಬ. ಆ ರಾತ್ರಿಯೇ ಕೂತು ಮೂವತ್ತೊಂದು ಹಾಡಿನ ಪಟ್ಟಿ ಮಾಡಿದೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಎರಡೆರಡು ಸಲ ತಿದ್ದಿ ಕಳಿಸಿದೆ. ವಾರ ಬಿಟ್ಟು ವಿಚಾರಿಸಿದರೆ, 'ನಾಲ್ಕು ಕೇಳಿದೆ ಮಾರಾಯ. ನಾಲ್ಕನ್ನೂ ನಾಲ್ಕು ಜನ ಹಾಡಿದ ಹಾಗಿದೆಯಲ್ಲೋ' ಅಂದ. ಪಟ್ಟಿ ಅಲ್ಲಿಗೇ ಮುಗಿಯಿತು.

ತಪ್ಪು ಅವನದಲ್ಲ. ಹಾಡು ತಾನೇ ಬರೆದು ಹಾಡುವ ಈ ಅಮೆರಿಕದ ಗಾಯಕನ ಸ್ಟುಡಿಯೋ ಆಲ್ಬಮ್‌ಗಳೇ 1962ರಿಂದ ಈಚೆಗೆ ನಲವತ್ತರ ಹತ್ತಿರ ಇವೆ. ಕಛೇರಿಗಳ ರೆಕಾರ್ಡಿಂಗು, ಆಗ ಬೇಡ ಅಂತ ಎತ್ತಿಟ್ಟು ಈಗ ಒಂದೊಂದಾಗಿ ಹೊರಗೆ ಬಿಡುತ್ತಿರುವ ಹಾಡುಗಳು, ಇವೆಲ್ಲ ಬೇರೆ. ಗಂಟಲೂ ಒಂದೇ ಅಲ್ಲ. ಇಪ್ಪತ್ತರಲ್ಲೇ ಮುದುಕನ ಹಾಗೆ ಹಾಡುತ್ತಿದ್ದವನು 1969ರ 'ನ್ಯಾಶ್‌ವಿಲ್ ಸ್ಕೈಲೈನ್'ನಲ್ಲಿ ಬೆಣ್ಣೆಯಂಥ ದನಿ ತೆಗೆದ, ಆಮೇಲೆ ಅದನ್ನೂ ಬಿಟ್ಟ. (ಎಂಬತ್ತು ದಾಟಿದವರನ್ನು ಅವನು ಇವನು ಅಂತಿದ್ದೀನಿ, ಬೇಜಾರಾಗಬೇಡಿ. ಇಪ್ಪತ್ತು ವರ್ಷದಿಂದ ಕೇಳಿದ ಸಲುಗೆ.)

ಹಾಗಾದರೆ ಮೊದಲ ಆಲ್ಬಮ್ಮಿನಿಂದಲೇ ಹೊರಡೋಣ ಅಂದರೆ ಅದರಲ್ಲಿ ಹದಿಮೂರು ಹಾಡು, ಅವನೇ ಬರೆದದ್ದು ಎರಡೇ ಎರಡು. ಇವನಿಗಾ 2016ರಲ್ಲಿ ಸಾಹಿತ್ಯದ ನೊಬೆಲ್ ಕೊಟ್ಟಿದ್ದು ಅನ್ನಿಸಿಬಿಡುತ್ತದೆ. ಜನಪ್ರಿಯ ಹಾಡುಗಳ ಸಂಗ್ರಹ ಕೇಳಬಹುದು, ಬೇಡ ಅನ್ನುವುದಿಲ್ಲ, ಆದರೆ ಗೆಳೆಯ ಹೇಳಿದ ನಾಲ್ಕು ಜನ ಅಲ್ಲಿ ಹತ್ತು ಜನ ಆಗುತ್ತಾರೆ.

ಅದಕ್ಕೇ ನಾನೊಂದು ಉಪಾಯ ಕಂಡುಕೊಂಡೆ. ಡಿಲನ್ ಹುಟ್ಟಿದ್ದು 1941ರ ಮೇ ತಿಂಗಳಲ್ಲಿ. ಈಗ ನಿಮಗೆಷ್ಟು ವಯಸ್ಸೋ ಆ ವಯಸ್ಸಿನಲ್ಲಿ ಅವನು ಮಾಡಿದ ಆಲ್ಬಮ್ ಯಾವುದು ನೋಡಿ, ಅಲ್ಲಿಂದ ಶುರು ಮಾಡಿ. ಅಷ್ಟೇ.

ಇಪ್ಪತ್ತನಾಲ್ಕಾ? ಪುಣ್ಯವಂತರು. 1965ರ 'ಹೈವೇ 61 ರಿವಿಸಿಟೆಡ್' ನಿಮ್ಮದು. ಅದರ ಮೊದಲ ಹಾಡು 'ಲೈಕ್ ಎ ರೋಲಿಂಗ್ ಸ್ಟೋನ್' ಆರು ನಿಮಿಷ ಮೀರುತ್ತದೆ. ಅದರಲ್ಲಿ ಆರ್ಗನ್ ನುಡಿಸಿದ ಆಲ್ ಕೂಪರ್ ನಿಜಕ್ಕೂ ಗಿಟಾರ್‌ನವನು. ಅವತ್ತು ಸ್ಟುಡಿಯೋಗೆ ಬಂದಿದ್ದವನು ಹೋಗಿ ಆರ್ಗನ್ ಮುಂದೆ ಕೂತುಬಿಟ್ಟ. ಉಳಿದವರು ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿಸಿಕೊಂಡು ಒಂದು ಕೂದಲೆಳೆ ಹಿಂದೆ ನುಡಿಸುತ್ತಾ ಹೋದ, ಕಿವಿಗೊಟ್ಟರೆ ಇವತ್ತಿಗೂ ಗೊತ್ತಾಗುತ್ತದೆ. ಗೊತ್ತಿಲ್ಲದ ಕೆಲಸಕ್ಕೆ ಧೈರ್ಯವಾಗಿ ಕೈಹಾಕುವ ವಯಸ್ಸು ಅದು, ಅಲ್ವಾ?

ಮೂವತ್ತಮೂರರವರಿಗೆ 'ಬ್ಲಡ್ ಆನ್ ದ ಟ್ರ್ಯಾಕ್ಸ್'. ನ್ಯೂಯಾರ್ಕಿನಲ್ಲಿ ರೆಕಾರ್ಡಿಂಗ್ ಮುಗಿದು ಇನ್ನೇನು ಬಿಡುಗಡೆ ಅನ್ನುವಾಗ ಡಿಲನ್‌ಗೆ ಅನುಮಾನ ಶುರುವಾಯಿತು. 1974ರ ಡಿಸೆಂಬರ್ ಕೊನೆಗೆ ಮಿನಿಯಾಪೊಲಿಸ್‌ನಲ್ಲಿ, ಅಲ್ಲಿನ ವಾದ್ಯಗಾರರನ್ನೇ ಸೇರಿಸಿಕೊಂಡು ಐದು ಹಾಡು ಮತ್ತೆ ಹಾಡಿದ. ಆಲ್ಬಮ್ಮಿನ ಹೊದಿಕೆ ಆಗಲೇ ಅಚ್ಚಾಗಿ ಹೋಗಿತ್ತು, ಪಾಪ ಅವರ ಹೆಸರೇ ಬರಲಿಲ್ಲ. ಮನಸ್ಸು ಮುರಿದವರ ಆಲ್ಬಮ್ ಅಂತ ಎಲ್ಲರೂ ಹೇಳುತ್ತಾರೆ, ಹೌದು, ಆದರೆ ನನಗೆ ಅಲ್ಲಿ ಜಾಸ್ತಿ ಕೇಳಿಸುವುದು ಆಡಿದ ಮಾತನ್ನು ಇನ್ನೊಂದು ಸಲ ಸರಿಯಾಗಿ ಆಡಬೇಕಿತ್ತು ಅನ್ನುವ ಚಡಪಡಿಕೆ. ಮೂವತ್ತು ದಾಟಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಐವತ್ತಾರಕ್ಕೆ 1997ರ 'ಟೈಮ್ ಔಟ್ ಆಫ್ ಮೈಂಡ್'. ಕೊನೆಯ ಹಾಡು 'ಹೈಲ್ಯಾಂಡ್ಸ್' ಹದಿನಾರು ನಿಮಿಷ. ಹಾಡಿನಲ್ಲಿ ಬಾಸ್ಟನ್ನಿನ ಒಂದು ಹೋಟೆಲಿಗೆ ಅವನು ಹೋಗುತ್ತಾನೆ. ನನಗೇನು ಬೇಕು ನೀನೇ ಹೇಳು ಅನ್ನುತ್ತಾನೆ ಬಡಿಸುವವಳಿಗೆ. ಬೇಯಿಸಿದ ಮೊಟ್ಟೆ ಇರಬೇಕು ಅನ್ನುತ್ತಾಳೆ ಅವಳು. ಹೌದು, ತಾ ಅಂದರೆ, ಇಲ್ಲವಲ್ಲ, ಹೊತ್ತಲ್ಲದ ಹೊತ್ತಿಗೆ ಬಂದೆ! ನಾನು ಇದಕ್ಕೆ ಪ್ರತಿಸಲವೂ ನಗುತ್ತೇನೆ. ಎಪ್ಪತ್ತೊಂಬತ್ತಾದವರಿಗೂ ಇದೆ, 2020ರ 'ರಫ್ ಅಂಡ್ ರೌಡಿ ವೇಸ್'.

ಉಪಾಯ ಚೆನ್ನಾಗಿಯೇ ಇತ್ತು, ನನ್ನ ಮೇಲೆ ಪ್ರಯೋಗ ಮಾಡುವ ತನಕ. ನನಗೆ ನಲವತ್ತೈದು. ಲೆಕ್ಕ ಹಾಕಿದರೆ ಬಂದದ್ದು 1986ರ 'ನಾಕ್ಡ್ ಔಟ್ ಲೋಡೆಡ್'. ಡಿಲನ್ ಅಂದರೆ ಪ್ರಾಣ ಬಿಡುವವರೂ ಆ ಹೆಸರು ಬಂದರೆ ಮಾತು ಬದಲಿಸುತ್ತಾರೆ. ಎಂಟು ಹಾಡು, ಅವನೊಬ್ಬನೇ ಬರೆದದ್ದು ಮತ್ತೆ ಅದೇ ಎರಡು. ಇಪ್ಪತ್ತರಲ್ಲಿ ಎರಡೇ ಇದ್ದರೆ ಇನ್ನೂ ಹುಡುಗ ಅನ್ನಬಹುದು. ನಲವತ್ತೈದರಲ್ಲಿ?

ನಿಯಮ ಮಾಡಿದವನೇ ಮುರಿದರೆ ಚೆನ್ನಾಗಿರಲ್ಲ ಅಂತ ಕೇಳುತ್ತಾ ಕೂತೆ. ಒಂದು, ಎರಡು, ಮೂರು. ಏನೋ ಸುಮ್ನೆ ಹಾಡುತ್ತಿದ್ದಾನೆ, ನಾನೂ ಸುಮ್ನೆ ಕೇಳುತ್ತಿದ್ದೇನೆ. ಆಮೇಲೆ ಬಂತು 'ಬ್ರೌನ್ಸ್‌ವಿಲ್ ಗರ್ಲ್', ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಬರೆದದ್ದು, ಹನ್ನೊಂದು ನಿಮಿಷ. ಗ್ರೆಗರಿ ಪೆಕ್ ಇದ್ದ ಯಾವುದೋ ಸಿನಿಮಾ ನೋಡಿದ್ದು ಅವನಿಗೆ ನೆನಪಾಗುತ್ತದೆ, ಪೂರ್ತಿ ನೆನಪಾಗುವುದಿಲ್ಲ. ನಡುವೆ ಒಬ್ಬ ಹುಡುಗಿ, ಕಾರು, ಉದ್ದದ ದಾರಿ, ಮತ್ತೆ ಅದೇ ಸಿನಿಮಾ. ನಲವತ್ತೈದರಲ್ಲಿ ನನ್ನ ತಲೆಯೂ ಹೆಚ್ಚುಕಮ್ಮಿ ಹೀಗೇ ಓಡುತ್ತದೆ.

ಗೆಳೆಯನಿಗೂ ನಲವತ್ತೈದೇ. ಪಟ್ಟಿ ಗಿಟ್ಟಿ ಏನೂ ಇಲ್ಲದೆ ಅದೊಂದೇ ಹಾಡನ್ನು ಕಳಿಸಿದೆ. ಮಾರನೇ ದಿನ ಉತ್ತರ ಬಂತು: 'ಪೂರ್ತಿ ಕೇಳಿದೆ. ಆ ಸಿನಿಮಾ ಯಾವುದು ಹೇಳು, ನೋಡಬೇಕು.'