ಮೊದಲು ವಾಂತಿಯೋ, ಮೊದಲು ನೋವೋ?

ಎದೆನೋವೆಂದು ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಿಗೆ ಮೊದಲು ಇಸಿಜಿ ಮಾಡುವುದು ಸರಿಯಾದ ಕ್ರಮ. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರಿರುವುದು, ಇಸಿಜಿಯಲ್ಲಿ ಏನೂ ಕಾಣದಿದ್ದಾಗ ‘ಗ್ಯಾಸ್ಟ್ರಿಕ್’ ಎಂದು ಹೇಳಿ ಮನೆಗೆ ಕಳುಹಿಸಿಬಿಡುವ ಆತುರದ ಬಗ್ಗೆ. ಆ ಆತುರದಲ್ಲಿ ಕಣ್ತಪ್ಪುವ ಕಾಯಿಲೆಗಳಲ್ಲಿ ಅನ್ನನಾಳದ ಬಿರುಕೂ ಒಂದು. ಅಪರೂಪದ್ದು ನಿಜ, ಆದರೆ ಗುರುತಿಸುವುದು ತಡವಾದಷ್ಟೂ ಜೀವಕ್ಕೆ ಎರವಾಗುವಂಥದ್ದು.

ಬಲವಾಗಿ ವಾಂತಿಯಾಗುವಾಗ ಅನ್ನನಾಳದೊಳಗಿನ ಒತ್ತಡ ಥಟ್ಟನೆ ಏರಿ ಅದರ ಗೋಡೆ ಪೂರ್ತಿಯಾಗಿ ಸೀಳಬಹುದು. ಸಾಮಾನ್ಯವಾಗಿ ಜಠರವನ್ನು ಸೇರುವ ಜಾಗಕ್ಕಿಂತ ತುಸು ಮೇಲೆ, ಎಡಬದಿಯಲ್ಲಿ. ಡಚ್ ವೈದ್ಯ ಹರ್ಮನ್ ಬೂರ್ಹಾವೆ 1724ರಲ್ಲಿಯೇ ಇದನ್ನು ವಿವರಿಸಿದ್ದರು. (ಒಳಪದರವಷ್ಟೇ ಹರಿದು ರಕ್ತವಾಂತಿಯಾಗುವ ಮ್ಯಾಲರಿ-ವೈಸ್ ಬಿರುಕು ಬೇರೆ, ಅದು ಬಹುಪಾಲು ತಾನಾಗಿಯೇ ಮಾಯುತ್ತದೆ.) ಗೋಡೆಯೇ ಸೀಳಿದಾಗ ಆಹಾರ, ಆಮ್ಲ, ಬ್ಯಾಕ್ಟೀರಿಯಾಗಳು ಎದೆಗೂಡಿನೊಳಕ್ಕೆ ಸೋರಿ ಕೆಲವೇ ಗಂಟೆಗಳಲ್ಲಿ ಸೋಂಕು ಮೈಗೆಲ್ಲ ವ್ಯಾಪಿಸಬಲ್ಲದು.

ಹಾಗಾಗಿ ಖರ್ಚಿಲ್ಲದ ಒಂದು ಪ್ರಶ್ನೆಯನ್ನು ಕೇಳಲೇಬೇಕೆಂಬುದು ನನ್ನ ವಾದ: ಮೊದಲು ಬಂದದ್ದು ವಾಂತಿಯೋ, ನೋವೋ? ಹೃದಯಾಘಾತದಲ್ಲಿ ಸಾಮಾನ್ಯವಾಗಿ ನೋವು ಮೊದಲು. ಅನ್ನನಾಳ ಸೀಳಿದಾಗ ವಾಂತಿಯ ಬೆನ್ನಿಗೇ ಸೀಳುವಂಥ ನೋವು. ಕತ್ತಿನ ಚರ್ಮದಡಿ ಗಾಳಿ ಸೇರಿ, ಒತ್ತಿದರೆ ಚರಚರ ಎನ್ನುವುದೂ ಉಂಟು, ಆದರೆ ಆ ಲಕ್ಷಣಕ್ಕಾಗಿ ಕಾಯುತ್ತ ಕೂರುವಂತಿಲ್ಲ. ಇತ್ತೀಚೆಗೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವ ಪರೀಕ್ಷೆ) ಆಗಿದೆಯೇ ಎಂದೂ ವಿಚಾರಿಸಬೇಕು. ಇಂದು ಅನ್ನನಾಳದಲ್ಲಿ ರಂಧ್ರವಾಗಲು ಹೆಚ್ಚಾಗಿ ವೈದ್ಯಕೀಯ ಉಪಕರಣಗಳೇ ಕಾರಣ.

ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದಾದ್ದರಿಂದ, ಅನುಮಾನವಿದ್ದರೆ ಸಿಟಿ ಸ್ಕ್ಯಾನ್ ಮಾಡಿಸಬೇಕು; ನೀರಿನಲ್ಲಿ ಕರಗುವ, ಚಿತ್ರದಲ್ಲಿ ಎದ್ದು ಕಾಣುವ ಕಾಂಟ್ರಾಸ್ಟ್ ದ್ರವವನ್ನು ವೈದ್ಯರು ಕುಡಿಸಿ ನೋಡಿದರೆ ಸೋರಿಕೆಯ ಜಾಗ ತಿಳಿಯುತ್ತದೆ. ಅದನ್ನು ಬಿಟ್ಟರೆ ರೋಗಿಯ ಬಾಯಿಗೆ ಏನನ್ನೂ ಕೊಡಬಾರದು. ನೋವು ಇಳಿಯಲೆಂದು ಮನೆಯವರು ಅಕ್ಕರೆಯಿಂದ ಕುಡಿಸುವ ನೀರು, ಆಂಟಾಸಿಡ್‌ಗಳೂ ಅದೇ ಬಿರುಕಿನಿಂದ ಎದೆಯೊಳಗೆ ಇಳಿಯುತ್ತವೆ.

ರಕ್ತನಾಳದ ಮೂಲಕ ದ್ರವ ಮತ್ತು ಆಂಟಿಬಯಾಟಿಕ್‌ಗಳನ್ನು ಕೊಡುವುದು, ಎದೆಯಲ್ಲಿ ಸೇರಿದ ಕೀವು-ದ್ರವವನ್ನು ನಳಿಕೆಯಿಂದ ಹೊರತೆಗೆಯುವುದು ಕೂಡಲೇ ಆಗಬೇಕಾದ ಕೆಲಸಗಳು. ಮೊದಲ 24 ಗಂಟೆಗಳೊಳಗೆ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಲ್ಲಿ ಬಿರುಕನ್ನು ಹೊಲಿಯುವುದು ಹೆಚ್ಚು ಫಲಕಾರಿ. ಸೋರಿಕೆ ಚಿಕ್ಕದಾಗಿ ಒಂದೆಡೆ ಸೀಮಿತವಾಗಿದ್ದು ರೋಗಿ ಸ್ಥಿರವಾಗಿದ್ದರೆ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯಿಲ್ಲದೆಯೂ, ಇಲ್ಲವೇ ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ (ಬಿರುಕನ್ನು ಒಳಗಿನಿಂದ ಮುಚ್ಚುವ ಕೊಳವೆ) ಅಳವಡಿಸಿಯೂ ನಿಭಾಯಿಸಬಹುದು. ಆದರೆ ಅದು ಶಸ್ತ್ರವೈದ್ಯರ ನಿಗಾದಲ್ಲಿಯೇ ಆಗಬೇಕು, ಏಕೆಂದರೆ ರೋಗಿಯ ಸ್ಥಿತಿ ಹದಗೆಟ್ಟರೆ ತಡಮಾಡದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುತ್ತದೆ.