ಸತ್ಯಾಂಶ: ಮೊದಲ ಬೇಸ್ ದಾಟಿ ಎಡಕ್ಕೆ ತಿರುಗಿದರೆ ಔಟೇ?

‘ಸಾಫ್ಟ್‌ಬಾಲ್‌ನಲ್ಲಿ ಮೊದಲ ಬೇಸ್ ದಾಟಿದ ಮಗು ಎಡಕ್ಕೆ ತಿರುಗಿದರೆ ಔಟ್’ ಎಂಬ ಸಂದೇಶ ದಾವಣಗೆರೆಯ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. (ಬೇಸ್ ಎಂದರೆ ಓಟಗಾರರು ಸರದಿಯಂತೆ ಮುಟ್ಟುತ್ತ ಸಾಗಬೇಕಾದ ಮೈದಾನದ ಗುರುತು.)

ಚೆಂಡು ಹೊಡೆದು ಓಡುವವರು ಸಾಮಾನ್ಯವಾಗಿ 60 ಅಡಿ ದೂರವಿರುವ ಮೊದಲ ಬೇಸನ್ನು ಮುಟ್ಟಿ, ಅದೇ ವೇಗದಲ್ಲಿ ಮುಂದಕ್ಕೆ ಹೋಗಬಹುದು; ಬೇಸ್ ಬಿಟ್ಟು ಮುಂದೆ ಹೋದರೆಂದು ಅವರನ್ನು ಔಟ್ ಮಾಡುವಂತಿಲ್ಲ. ಕ್ರಿಕೆಟ್‌ನಲ್ಲಿ ಕ್ರೀಸ್ ದಾಟಿ ಮುಂದೆ ಹೋಗುವ ಹಾಗೆಯೇ. ನೇರವಾಗಿ ಬೇಸ್‌ಗೆ ಮರಳುವವರು ಯಾವ ಕಡೆ ತಿರುಗಿದರು ಎಂಬುದು ಲೆಕ್ಕಕ್ಕಿಲ್ಲ. ಎರಡನೇ ಬೇಸ್‌ನತ್ತ ಹೋಗಲು ಯತ್ನಿಸಿದರೆ ಮಾತ್ರ ಆ ರಕ್ಷಣೆ ಹೋಗುತ್ತದೆ. ಆಗಲೂ ಫೀಲ್ಡರ್ ಚೆಂಡಿನೊಂದಿಗೆ ಮುಟ್ಟಿಸಿದರಷ್ಟೇ ಔಟ್. ಯತ್ನ ನಡೆಯಿತೇ ಎಂಬುದನ್ನು ಅಂಪೈರ್ ನಿರ್ಧರಿಸುತ್ತಾರೆ. ಎರಡನೇ, ಮೂರನೇ ಬೇಸ್‌ಗಳಲ್ಲಿ ಈ ರಿಯಾಯಿತಿ ಇಲ್ಲ. ಅಲ್ಲಿ ಬೇಸ್ ಬಿಟ್ಟು ಜಾರಿದರೆ ಅಪಾಯ.

ನನ್ನನ್ನು ಕಾಡುವುದು ಈ ಸಂದೇಶ ಹುಟ್ಟಿಸುವ ಭಯ. ಎಡಕ್ಕೆ ಹೋಗಿಬಿಟ್ಟೆನೇನೋ ಎಂದು ಹೆದರಿದ ಮಗು ಬೇಸ್‌ಗೆ ಎರಡು ಹೆಜ್ಜೆ ಇರುವಾಗಲೇ ವೇಗ ತಗ್ಗಿಸುತ್ತದೆ. ಮೊದಲ ಬೇಸ್‌ನಲ್ಲಿ ಆ ಎರಡು ಹೆಜ್ಜೆಯೇ ಎಲ್ಲ! ದಯವಿಟ್ಟು ಮಕ್ಕಳಿಗೆ ಬೇಸ್ ದಾಟಿ ಓಡುವುದನ್ನೇ ಕಲಿಸಿ. ಬಿಳಿ-ಕಿತ್ತಳೆ ಜೋಡಿ ಬೇಸ್ ಇದ್ದರೆ, ಡಿಕ್ಕಿ ತಪ್ಪಿಸಲು ಓಡುವವರಿಗಿರುವುದು ಹೊರಗಿನ ಕಿತ್ತಳೆ ಭಾಗ.

ಅದೇ ಸಂದೇಶದಲ್ಲಿ ‘ಎತ್ತರದ ಕ್ಯಾಚ್ ಪೂರ್ತಿಯಾಗುವವರೆಗೆ ಓಟಗಾರರು ಬೇಸ್ ಬಿಡಬಾರದು’ ಎಂದೂ ಇದೆ. ವಾಸ್ತವದಲ್ಲಿ ಫೀಲ್ಡರ್‌ಗೆ ಚೆಂಡು ಮೊದಲು ತಾಗಿದ ಕ್ಷಣವೇ ಹೊರಡಬಹುದು. ಆದರೆ ಪಿಚರ್ (ಚೆಂಡೆಸೆಯುವವರು) ಕೈಯಿಂದ ಚೆಂಡು ಬಿಡುಗಡೆಯಾಗುವ ಮುನ್ನ ಬೇಸ್ ಬಿಟ್ಟರೆ, ಫಾಸ್ಟ್‌ಪಿಚ್ (ವೇಗದ ಎಸೆತದ ಸಾಫ್ಟ್‌ಬಾಲ್) ನಿಯಮದಂತೆ ಔಟ್.